ಬಿಟ್ಟು ಬರೋಕೆ ಬಾಗಿಲು ಎಲ್ಲಿತ್ತು?

ಗಂಡನ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಸತ್ತಳು ಅನ್ನೋ ಸುದ್ದಿ ಪ್ರಸಾರವಾದ ದಿನ ವೀಕ್ಷಕರಿಂದ ಒಂದು ಪ್ರಶ್ನೆ ಬಂದೇ ಬರುತ್ತೆ. "ಅಷ್ಟು ವರ್ಷದಿಂದ ಹೊಡೀತಿದ್ದ ಅಂತೀರಿ. ಬಿಟ್ಟು ಬರಬಹುದಿತ್ತಲ್ಲ? ಒಂದು ಸಲ ತವರಿಗೆ ಬಂದವಳು ಮತ್ತೆ ಯಾಕೆ ವಾಪಸ್ ಹೋದಳು?" ಕೇಳುವವರು ಕೆಟ್ಟವರಲ್ಲ. ನಿಜವಾಗಲೂ ಅವರಿಗೆ ಅರ್ಥವಾಗಿರೋದಿಲ್ಲ. ಆದರೆ ಈ ಪ್ರಶ್ನೆಯ ಒಳಗೆ ಒಂದು ನಂಬಿಕೆ ಅಡಗಿದೆ. ಬಾಗಿಲು ತೆರೆದೇ ಇತ್ತು, ಅವಳೇ ಹೊರಗೆ ಬರಲಿಲ್ಲ ಅನ್ನೋ ನಂಬಿಕೆ. ಆ ಬಾಗಿಲು ನಿಜಕ್ಕೂ ತೆರೆದಿತ್ತಾ? ಇದನ್ನು ತಿಳಿಯೋಕೆ ಮನಶ್ಶಾಸ್ತ್ರದ ಪುಸ್ತಕಕ್ಕಿಂತ ಮೊದಲು ಇತಿಹಾಸದ ಪುಸ್ತಕ ತೆಗೀಬೇಕು. ಯಾಕಂದ್ರೆ "ವಾಪಸ್ ಹೋಗು" ಅಂತ ಹೆಣ್ಣಿಗೆ ಹೇಳಿದ್ದು ಅಪ್ಪ ಅಮ್ಮ ಮಾತ್ರ ಅಲ್ಲ, ಈ ದೇಶದ ನ್ಯಾಯಾಲಯ ಕೂಡ ಹೇಳಿದೆ. ಅದೂ "ಹೋಗದಿದ್ದರೆ ಜೈಲು" ಅಂತ.

1884ನೇ ಇಸವಿ. ಬಾಂಬೆ ಹೈಕೋರ್ಟಿನಲ್ಲಿ ದಾದಾಜಿ ಭಿಕಾಜಿ ಎಂಬಾತ ಒಂದು ದಾವೆ ಹೂಡಿದ. ನನ್ನ ಹೆಂಡತಿ ನನ್ನ ಮನೆಗೆ ಬರುತ್ತಿಲ್ಲ, ಕಳಿಸಿಕೊಡಿ ಅನ್ನೋದು ಅವನ ಬೇಡಿಕೆ. ಹೆಂಡತಿಯ ಹೆಸರು ರುಖ್ಮಾಬಾಯಿ. ಮದುವೆಯಾದಾಗ ಆಕೆಗೆ 11 ವರ್ಷ. ಹುಡುಗನಿಗೆ 19ರ ಆಸುಪಾಸು. ಮದುವೆ ಆದದ್ದಷ್ಟೇ, ಅವಳು ಅವನ ಜೊತೆ ಒಂದು ದಿನವೂ ಸಂಸಾರ ಮಾಡಿರಲಿಲ್ಲ. ತಾಯಿ ಜಯಂತಿಬಾಯಿ ವಿಧವೆಯಾಗಿ, ಆಮೇಲೆ ಡಾ. ಸಖಾರಾಮ್ ಅರ್ಜುನ್ ಅವರನ್ನು ಮರುಮದುವೆ ಆಗಿದ್ದರು. ಆ ಮಲತಂದೆಯ ಮನೆಯಲ್ಲೇ ರುಖ್ಮಾಬಾಯಿ ಬೆಳೆದಳು, ಪುಸ್ತಕ ಓದುತ್ತಾ ಓದುತ್ತಾ ದೊಡ್ಡವಳಾದಳು. ಅತ್ತ ಗಂಡ ಓದು ಬಿಟ್ಟ, ಸಾಲ ಮಾಡಿಕೊಂಡ, ಆರೋಗ್ಯ ಕೆಡಿಸಿಕೊಂಡ. ಹುಡುಗಿಯ ಹೆಸರಿನಲ್ಲಿದ್ದ ಆಸ್ತಿಯ ಲೆಕ್ಕಾಚಾರವೂ ಈ ದಾವೆಯ ಹಿಂದೆ ಇತ್ತು. ರುಖ್ಮಾಬಾಯಿ ಹೇಳಿದ್ದು ಒಂದೇ ಮಾತು: ನನಗೆ ಬುದ್ಧಿ ತಿಳಿಯುವ ಮೊದಲು, ನನ್ನನ್ನು ಕೇಳದೆ ಆದ ಮದುವೆ ಇದು, ನಾನು ಹೋಗಲ್ಲ.

ಇಲ್ಲೊಂದು ಸ್ಪಷ್ಟನೆ ಕೊಡ್ತೀನಿ. ರುಖ್ಮಾಬಾಯಿಯದ್ದು ಹೊಡೆತ ತಿಂದ ಹೆಂಡತಿಯ ಕಥೆ ಅಲ್ಲ. ಬೇಡದ ಮನೆಗೆ ಹೆಣ್ಣನ್ನು ಕಳಿಸುವ ಅಧಿಕಾರ ಯಾರ ಕೈಯಲ್ಲಿತ್ತು ಅನ್ನೋದು ಈ ಪ್ರಕರಣದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣೋದಿಲ್ಲ. ಅದಕ್ಕೇ ಇಲ್ಲಿಂದ ಶುರು ಮಾಡಿದ್ದು.

1885ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿನ್ಹೆ ರುಖ್ಮಾಬಾಯಿಯ ಪರ ತೀರ್ಪು ಕೊಟ್ಟರು. ತನ್ನ ಇಚ್ಛೆಗೆ ವಿರುದ್ಧವಾಗಿ ಒಬ್ಬ ಹೆಣ್ಣುಮಗಳನ್ನು ಗಂಡಸಿನ ಮನೆಗೆ ಒಪ್ಪಿಸುವುದು ಅನಾಗರಿಕ ಅನ್ನೋದು ಅವರ ನಿಲುವು. ಊರೆಲ್ಲ ಹೊತ್ತಿ ಉರಿಯಿತು. ಧರ್ಮ ಹೋಯ್ತು, ಕುಟುಂಬ ಹೋಯ್ತು ಎಂದು ಪತ್ರಿಕೆಗಳು ಬರೆದವು. ಬಾಲಗಂಗಾಧರ ತಿಲಕರು ತಮ್ಮ ಪತ್ರಿಕೆಯಲ್ಲಿ ರುಖ್ಮಾಬಾಯಿಯ ವಿರುದ್ಧ ನಿಂತರು. ನಾಡಿನ ಸ್ವಾತಂತ್ರ್ಯಕ್ಕೆ ಹೋರಾಡಿದ ದೊಡ್ಡವರಿಗೆ ಮನೆಯೊಳಗಿನ ಹೆಣ್ಣಿನ ಸ್ವಾತಂತ್ರ್ಯ ಬೇರೆಯದಾಗಿ ಕಂಡಿತು. ಇತಿಹಾಸ ಹೀಗೇ ಇದೆ, ಮುಚ್ಚಿಡೋದು ಬೇಡ. ರುಖ್ಮಾಬಾಯಿಯೂ ಸುಮ್ಮನೆ ಕೂರಲಿಲ್ಲ. ‘ಎ ಹಿಂದೂ ಲೇಡಿ’ ಅನ್ನೋ ಗುಪ್ತನಾಮದಲ್ಲಿ ಟೈಮ್ಸ್ ಆಫ್ ಇಂಡಿಯಾಕ್ಕೆ ಪತ್ರ ಬರೆದು ಬಾಲ್ಯವಿವಾಹ ಹೆಣ್ಣಿನ ಬದುಕನ್ನು ಏನು ಮಾಡುತ್ತೆ ಅಂತ ಜಗತ್ತಿಗೆ ಹೇಳಿದಳು.

ಮೇಲ್ಮನವಿಯಲ್ಲಿ ಪಿನ್ಹೆ ಅವರ ತೀರ್ಪು ಬಿದ್ದುಹೋಯಿತು. ಮತ್ತೆ ವಿಚಾರಣೆ. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫ್ಯಾರನ್ ಆದೇಶ ಕೊಟ್ಟರು: ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳ ಜೈಲು. ಇಪ್ಪತ್ತೆರಡು ವರ್ಷದ ಆ ಹುಡುಗಿ, ಜೈಲಿಗೆ ಹೋಗ್ತೀನಿ, ಆ ಮನೆಗೆ ಹೋಗಲ್ಲ ಅಂದಳು.

ಇನ್ನೊಂದು ವಿಷಯ ಕೇಳಿ. "ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ" ಅನ್ನೋ ಈ ದಾವೆ ನಮ್ಮ ಧರ್ಮಶಾಸ್ತ್ರದಲ್ಲಿ ಇದ್ದದ್ದಲ್ಲ. ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಿಂದ ಬ್ರಿಟಿಷರು ತಂದದ್ದು. ತಮಾಷೆ ಏನಂದ್ರೆ, ಇದನ್ನು ಪಾಲಿಸದವರಿಗೆ ಜೈಲು ಅನ್ನೋ ಶಿಕ್ಷೆಯನ್ನು ಇಂಗ್ಲೆಂಡ್ ತನ್ನ ನೆಲದಲ್ಲಿ ರದ್ದು ಮಾಡಿದ್ದು 1884ರಲ್ಲಿ. ಅಂದ್ರೆ ದಾದಾಜಿ ಕೋರ್ಟಿಗೆ ಹೋದ ಅದೇ ವರ್ಷ! ಅವರು ಅಲ್ಲಿ ಬಿಸಾಡಿದ್ದನ್ನು ಇಲ್ಲಿ ನಮ್ಮ ಸಂಪ್ರದಾಯ ಅಂತ ತಬ್ಬಿಕೊಂಡು ಕೂತವರು ನಮ್ಮವರು.

ಕೊನೆಗೆ 1888ರಲ್ಲಿ ರಾಜಿ ಆಯ್ತು. ಎರಡು ಸಾವಿರ ರೂಪಾಯಿ ತಗೊಂಡು ದಾದಾಜಿ ತನ್ನ ಹಕ್ಕು ಬಿಟ್ಟುಕೊಟ್ಟ. ಬಾಂಬೆಯ ಕಾಮಾ ಆಸ್ಪತ್ರೆಯ ಡಾ. ಈಡಿತ್ ಪೀಚಿ ಮೊದಲಾದವರು ಬೆನ್ನಿಗೆ ನಿಂತರು, ಹಣ ಕೂಡಿಸಿದರು. ರುಖ್ಮಾಬಾಯಿ ಲಂಡನ್ನಿಗೆ ಹೋಗಿ ವೈದ್ಯಶಾಸ್ತ್ರ ಓದಿ ಬಂದಳು. ಸೂರತ್, ರಾಜಕೋಟೆಗಳಲ್ಲಿ ದಶಕಗಳ ಕಾಲ ಹೆಣ್ಣುಮಕ್ಕಳ ಆಸ್ಪತ್ರೆ ನಡೆಸಿದಳು.

ಈ ಕಥೆಯನ್ನು ಧೈರ್ಯದ ಕಥೆ ಅಂತ ಎಲ್ಲರೂ ಹೇಳ್ತಾರೆ. ಧೈರ್ಯ ಇತ್ತು, ಒಪ್ಪೋಣ. ಆದರೆ ಅವಳ ಹತ್ತಿರ ಇನ್ನೂ ಏನೇನಿತ್ತು, ಎಣಿಸಿ ನೋಡಿ. ಹೊರಗೆ ತಳ್ಳದ ತವರು ಮನೆ ಇತ್ತು. ವೈದ್ಯನಾದ ಮಲತಂದೆ ಇದ್ದ. ತನ್ನ ಹೆಸರಿನಲ್ಲಿ ಆಸ್ತಿ ಇತ್ತು. ಅಕ್ಷರ ಇತ್ತು, ಇಂಗ್ಲಿಷ್ ಇತ್ತು. ವಕೀಲರು ಸಿಕ್ಕರು. ಊರಿನ ಗಣ್ಯರು ಸಿಕ್ಕರು. ಎರಡು ಸಾವಿರ ರೂಪಾಯಿ ಸಿಕ್ಕಿತು. ಮುಖ್ಯವಾಗಿ, ಮಡಿಲಲ್ಲಿ ಮಗು ಇರಲಿಲ್ಲ. ಇಷ್ಟೆಲ್ಲ ಇದ್ದೂ ನಾಲ್ಕು ವರ್ಷ ಬೇಕಾಯಿತು. ಇದರಲ್ಲಿ ಒಂದೂ ಇಲ್ಲದ ಹೆಣ್ಣಿಗೆ "ಬಿಟ್ಟು ಬರಬಹುದಿತ್ತಲ್ಲ" ಅಂತ ನಾವು ಸಲೀಸಾಗಿ ಹೇಳ್ತೀವಿ.

ಅದೇ ಕಾಲದಲ್ಲಿ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಪಂಡಿತಾ ರಮಾಬಾಯಿ. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದಾಕೆ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡವರು. ರಮಾಬಾಯಿ 1889ರಲ್ಲಿ ಬಾಂಬೆಯಲ್ಲಿ ಶಾರದಾ ಸದನ ತೆರೆದರು. ಹೆಣ್ಣಿಗೆ ಬುದ್ಧಿವಾದ ಸಾಲದು, ಹೋಗೋಕೆ ಒಂದು ಮನೆ ಬೇಕು, ದುಡಿಯೋಕೆ ಒಂದು ಕಸುಬು ಬೇಕು ಅನ್ನೋದು ಅವರ ಲೆಕ್ಕ. ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಜ್ಜೀ ಎಂಬಾಕೆ, ಹೊಡೆತ ತಿಂದು ಓಡಿಬಂದ ಹೆಂಗಸರಿಗೆ ಆಶ್ರಯ ಕೊಟ್ಟದ್ದು 1971ರಲ್ಲಿ. ನಮ್ಮ ರಮಾಬಾಯಿ, ದಿಕ್ಕಿಲ್ಲದ ವಿಧವೆಯರಿಗಾಗಿಯೇ ಇರಲಿ, ಅಂಥದೊಂದು ಮನೆಯನ್ನು 82 ವರ್ಷ ಮೊದಲೇ ಕಟ್ಟಿದ್ದರು.

ಸರಿ, ಸ್ವಾತಂತ್ರ್ಯ ಬಂತು, ಎಲ್ಲ ಬದಲಾಯಿತು ಅಂದ್ಕೊಂಡ್ರಾ? ಹೆಂಡತಿಯನ್ನು ಜೈಲಿಗೆ ಹಾಕುವ ಶಿಕ್ಷೆಯನ್ನು 1923ರಲ್ಲೇ ತೆಗೆದಿದ್ದರು. 1946ರಲ್ಲಿ, ಗಂಡ ಕ್ರೂರಿಯಾಗಿದ್ದರೆ ಹಿಂದೂ ಹೆಂಡತಿ ಬೇರೆ ವಾಸ ಮಾಡಿ ಜೀವನಾಂಶ ಕೇಳಬಹುದು ಅನ್ನೋ ಕಾಯ್ದೆ ಬಂತು. 1955ರ ಹಿಂದೂ ವಿವಾಹ ಕಾಯ್ದೆ ದೇಶದುದ್ದಕ್ಕೂ ವಿಚ್ಛೇದನಕ್ಕೆ ದಾರಿ ಮಾಡಿತು. ಆದರೆ ಅದೇ ಕಾಯ್ದೆಯ 9ನೇ ಕಲಮಿನಲ್ಲಿ ಹಳೆಯ ದಾಂಪತ್ಯ ಹಕ್ಕು ಮತ್ತೆ ಬಂದು ಕೂತಿತು. ಆ ಕಾಯ್ದೆ ಬಂದದ್ದು 1955ರ ಮೇ ತಿಂಗಳಲ್ಲಿ. ರುಖ್ಮಾಬಾಯಿ ತೀರಿಕೊಂಡದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ, ತೊಂಬತ್ತು ದಾಟಿದ ಮೇಲೆ. ಯಾವುದರ ವಿರುದ್ಧ ಆಕೆ ಜೈಲಿಗೆ ಹೋಗೋಕೂ ಸಿದ್ಧಳಾಗಿದ್ದಳೋ ಅದು ಸ್ವತಂತ್ರ ಭಾರತದ ಕಾನೂನಿನಲ್ಲಿ ಉಳಿದುಕೊಂಡಿತು.

1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ನ್ಯಾಯಮೂರ್ತಿ ಪಿ.ಎ. ಚೌಧರಿ ಅವರು ನಟಿ ಸರಿತಾ ಪ್ರಕರಣದಲ್ಲಿ ಈ 9ನೇ ಕಲಮು ಸಂವಿಧಾನಕ್ಕೆ ವಿರುದ್ಧ, ಹೆಣ್ಣಿನ ಖಾಸಗಿತನ, ಘನತೆಗೆ ಧಕ್ಕೆ ಅಂದರು. ಮರುವರ್ಷವೇ ಸರೋಜ್ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಕಲಮು ಉಳಿಯಿತು. ಯಾರ ಕಾನೂನಿನಿಂದ ಇದು ಬಂದಿತ್ತೋ ಆ ಇಂಗ್ಲೆಂಡ್ 1970ರಲ್ಲೇ ಇದನ್ನು ಪೂರ್ತಿ ಕಿತ್ತುಹಾಕಿತ್ತು.

ಇನ್ನು "ವಾಪಸ್ ಹೋದಳಲ್ಲ" ಅನ್ನೋ ಮಾತಿಗೆ ಬರೋಣ. ನಮ್ಮ ವಿವಾಹ ಕಾನೂನಿನಲ್ಲಿ ‘ಕ್ಷಮಾಪಣೆ’ ಅನ್ನೋ ತತ್ವ ಒಂದಿದೆ. ಸಂಗಾತಿಯ ಕ್ರೌರ್ಯವನ್ನು ಸಹಿಸಿಕೊಂಡು ಮತ್ತೆ ಮೊದಲಿನಂತೆ ಸಂಸಾರ ಮಾಡಿದರೆ ಅದನ್ನು ಮನ್ನಿಸಿದಂತೆ ಅಂತ ಲೆಕ್ಕ. 1975ರ ದಾಸ್ತಾನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಲ್ಲಿ ದೂರು ತಂದದ್ದು ಗಂಡ, ಆರೋಪ ಹೆಂಡತಿಯ ಮೇಲೆ. ಮತ್ತೆ ಕ್ರೌರ್ಯ ನಡೆದರೆ ಹಳೆಯದೂ ಲೆಕ್ಕಕ್ಕೆ ಬರುತ್ತೆ ಅಂತಲೂ ಆ ತೀರ್ಪು ಹೇಳುತ್ತೆ, ಅದು ನ್ಯಾಯವೇ. ಆದರೆ ಈ ತತ್ವವನ್ನು ಹೊಡೆತ ತಿಂದ ಹೆಣ್ಣಿಗೆ ಹಚ್ಚಿ ನೋಡಿ. ಹಿರಿಯರು ಪಂಚಾಯ್ತಿ ಮಾಡಿ, ಗಂಡ ಇನ್ನು ಹೊಡೆಯಲ್ಲ ಅಂತ ಕೈಮುಗಿದು, ಮಕ್ಕಳ ಮುಖ ನೋಡಿ ಅವಳು ವಾಪಸ್ ಹೋಗ್ತಾಳೆ. ಆರು ತಿಂಗಳ ನಂತರ ಅದೇ ಹೊಡೆತ. ಆಗ ಠಾಣೆಯಲ್ಲಿ, ಬೀದಿಯಲ್ಲಿ, ಬಂಧುಗಳ ಬಾಯಲ್ಲಿ ಬರೋ ಮಾತು: "ಅಷ್ಟು ಕಷ್ಟ ಇದ್ದಿದ್ರೆ ವಾಪಸ್ ಯಾಕೆ ಹೋಗ್ತಿದ್ದಳು?" ವಾಪಸ್ ಕಳಿಸಿದವರೇ ವಾಪಸ್ ಹೋದದ್ದನ್ನು ಅವಳ ವಿರುದ್ಧ ಸಾಕ್ಷಿ ಮಾಡ್ತಾರೆ.

ಕಿರಣ್‌ಜಿತ್ ಅಹ್ಲುವಾಲಿಯಾ ಪ್ರಕರಣ ನೆನಪಿದೆಯಾ? ಐಶ್ವರ್ಯಾ ರೈ ನಟಿಸಿದ ‘ಪ್ರೊವೋಕ್ಡ್’ ಸಿನಿಮಾ ಆಕೆಯ ಕಥೆಯೇ. ಪಂಜಾಬಿನ ಹುಡುಗಿ, 1979ರಲ್ಲಿ ಮದುವೆಯಾಗಿ ಇಂಗ್ಲೆಂಡಿಗೆ ಹೋದಳು. ಹತ್ತು ವರ್ಷ ಹೊಡೆತ. ಎರಡು ಸಲ ನ್ಯಾಯಾಲಯದಿಂದ ತಡೆಯಾಜ್ಞೆ ತಂದಳು. ಮನೆತನದ ಮರ್ಯಾದೆ ಅಂತ ಸಂಸಾರ ಮುಂದುವರಿಸಿದಳು. 1989ರಲ್ಲಿ ಗಂಡ ಕೆಲವು ದಿನ ಮನೆ ಬಿಟ್ಟು ಹೋದಾಗ ಅವಳು ಅವನಿಗೊಂದು ಪತ್ರ ಬರೆದಳು. ವಾಪಸ್ ಬಾ, ಕಪ್ಪು ಕಾಫಿ ಕುಡಿಯಲ್ಲ, ಹಸಿಮೆಣಸಿನಕಾಯಿ ತಿನ್ನಲ್ಲ, ಗೆಳತಿಯರನ್ನು ಬಿಡ್ತೀನಿ, ತಲೆಗೆ ಬಣ್ಣ ಹಚ್ಚಲ್ಲ, ನಿನಗೆ ಇಷ್ಟ ಇಲ್ಲದಿದ್ದರೆ ನಗೋದೂ ಇಲ್ಲ ಅನ್ನೋ ಅರ್ಥದ ಪತ್ರ. ಅದು ಕೋರ್ಟಿನ ದಾಖಲೆಯಲ್ಲಿದೆ. ಹೊರಗಿನವರಿಗೆ ಆ ಪತ್ರ ಪ್ರೀತಿಯ ಹಾಗೆ ಕಾಣಬಹುದು. ಸರಿಯಾಗಿ ಓದಿದರೆ ಒಂದು ಜೀವಕ್ಕೆ ಹತ್ತು ವರ್ಷದಲ್ಲಿ ಏನೇನು ನಿಷೇಧ ಆಗಿತ್ತು ಅನ್ನೋದರ ಪಟ್ಟಿ ಅದು.

ಆ ವರ್ಷದ ಮೇ 9ರ ರಾತ್ರಿ, ಮತ್ತೆ ಹಿಂಸೆ ಅನುಭವಿಸಿದ ಆಕೆ ಮಲಗಿದ್ದ ಗಂಡನಿಗೆ ಬೆಂಕಿ ಹಚ್ಚಿದಳು, ಅವನು ಸತ್ತ. ಕೊಲೆ ಅಂತ ಜೀವಾವಧಿ ಶಿಕ್ಷೆ ಆಯಿತು. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಅನ್ನೋ ಮಹಿಳಾ ಸಂಘಟನೆ ಹೋರಾಟ ಮಾಡಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ರದ್ದು ಮಾಡಿತು, ಕೊನೆಗೆ ಕೊಲೆಗಿಂತ ಕಡಿಮೆಯ ಅಪರಾಧ ಅಂತ ಪರಿಗಣಿಸಿ, ಆಗಲೇ ಅನುಭವಿಸಿದ್ದ ಸೆರೆವಾಸವೇ ಸಾಕು ಅಂತ ಬಿಡುಗಡೆ ಮಾಡಿದರು. ಕೊಲ್ಲೋದು ಸರಿ ಅಂತ ನಾನು ಹೇಳ್ತಿಲ್ಲ, ಆ ನ್ಯಾಯಾಲಯವೂ ಹೇಳಲಿಲ್ಲ. ಆದರೆ ಹತ್ತು ವರ್ಷದ ಹೊಡೆತ ಮನುಷ್ಯರ ಮನಸ್ಸನ್ನು ಏನು ಮಾಡುತ್ತೆ ಅನ್ನೋದನ್ನು ನ್ಯಾಯಾಲಯ ಕೇಳಿಸಿಕೊಳ್ಳಲೇಬೇಕಾಯಿತು.

ಮನಸ್ಸು ಅಂದಮೇಲೆ ಲೆನೋರ್ ವಾಕರ್ ಹೆಸರು ಹೇಳಬೇಕು. ಅಮೆರಿಕದ ಈ ಮನಶ್ಶಾಸ್ತ್ರಜ್ಞೆ 1979ರಲ್ಲೇ ಹಿಂಸೆಗೊಂದು ಚಕ್ರ ಇದೆ ಅಂದರು. ಮೊದಲು ಮನೆಯಲ್ಲಿ ಬಿಗಿ, ಆಮೇಲೆ ಹೊಡೆತ, ಆಮೇಲೆ ಕಣ್ಣೀರು, ಕ್ಷಮೆ, ಸೀರೆ, ಹೂವು. ಹೆಣ್ಣು ವಾಪಸ್ ಹೋಗೋದು ಹೊಡೆತಕ್ಕಲ್ಲ, ಆ ಮೂರನೇ ಹಂತದಲ್ಲಿ ಕಾಣುವ ಗಂಡನಿಗೆ. ಎಲ್ಲ ಮನೆಯಲ್ಲೂ ಇದು ಹೀಗೇ ನಡೆಯೋದಿಲ್ಲ, ಎಷ್ಟೋ ಕಡೆ ಕ್ಷಮೆ ಕೇಳುವ ಹಂತವೇ ಬರೋದಿಲ್ಲ. ಅಲ್ಲಿ ಅವಳನ್ನು ಹಿಡಿದಿಡೋದು ಭಯ. ಭಯಕ್ಕೆ ಕಾರಣವೂ ಇದೆ. ಬಿಟ್ಟು ಹೋಗ್ತೀನಿ ಅಂದ ಹೊತ್ತಿನಲ್ಲಿ, ಬಿಟ್ಟು ಹೋದ ಮೊದಲ ತಿಂಗಳುಗಳಲ್ಲಿ ಜೀವಕ್ಕೆ ಅಪಾಯ ಹೆಚ್ಚು ಅನ್ನೋದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡ ಸತ್ಯ.

ಮನಸ್ಸಿನ ಮಾತು ಹಾಗಿರಲಿ, ಮನೆ ಮತ್ತು ದುಡ್ಡಿನ ವಿಷಯ ನೋಡಿ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಅನ್ನೋದು ನಮ್ಮದೇ ಗಾದೆ. ಇದು ಗಾದೆ ಮಾತ್ರ ಆಗಿರಲಿಲ್ಲ, ಆಸ್ತಿ ಕಾನೂನೂ ಹಾಗೇ ಇತ್ತು. ಇದರಲ್ಲಿ ಮೈಸೂರು ಸಂಸ್ಥಾನ ಮುಂದಿತ್ತು ಅನ್ನೋದು ಹೆಮ್ಮೆಯ ವಿಷಯ. 1933ರಲ್ಲೇ ಹಿಂದೂ ಮಹಿಳೆಯರ ಆಸ್ತಿ ಹಕ್ಕಿಗೆ ಕಾನೂನು ಮಾಡಿತು. ಕರ್ನಾಟಕ ಸರ್ಕಾರ ತಂದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾಗಿ ಹೋದವಳಿಗೆ ಅದು ಸಿಗಲಿಲ್ಲ. ಎಲ್ಲ ಮಗಳಿಗೂ ಹಕ್ಕು ಬಂದದ್ದು 2005ರ ಕೇಂದ್ರ ತಿದ್ದುಪಡಿಯಿಂದ. ಇನ್ನು ಜೀವನಾಂಶ? ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ಕೇಂದ್ರ ಕಾನೂನು 2001ರವರೆಗೂ ಇಟ್ಟಿದ್ದ ಮಿತಿ ತಿಂಗಳಿಗೆ 500 ರೂಪಾಯಿ. ಎರಡು ಮಕ್ಕಳನ್ನು ಕಟ್ಟಿಕೊಂಡು ಹೊರಗೆ ಬಂದ ತಾಯಿ ಆ ದುಡ್ಡಿನಲ್ಲಿ ಬಾಡಿಗೆ ಕಟ್ಟಬೇಕಾ, ಅಕ್ಕಿ ತರಬೇಕಾ, ಸ್ಕೂಲ್ ಫೀಸು ಕೊಡಬೇಕಾ?

1983ರಲ್ಲಿ 498ಎ ಬಂತು, ಗಂಡನ ಮನೆಯವರ ಕ್ರೌರ್ಯ ಅಪರಾಧ ಆಯಿತು. ಆದರೆ ದೂರು ಕೊಟ್ಟ ರಾತ್ರಿ ಅವಳು ಎಲ್ಲಿ ಮಲಗಬೇಕು ಅನ್ನೋ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ. ಉತ್ತರ ಬಂದದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ. ಮನೆ ಯಾರ ಹೆಸರಿನಲ್ಲೇ ಇರಲಿ, ಜೊತೆಯಾಗಿ ಬಾಳಿದ ಮನೆಯಲ್ಲಿ ಅವಳು ಇರಬಹುದು. 2006ರ ಅಕ್ಟೋಬರಿನಲ್ಲಿ ಕಾಯ್ದೆ ಜಾರಿಯಾಯಿತು. ಡಿಸೆಂಬರಿನಲ್ಲೇ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅತ್ತೆ ಮಾವನ ಹೆಸರಿನ ಮನೆಯಲ್ಲಿ ಸೊಸೆಗೆ ಆ ಹಕ್ಕಿಲ್ಲ ಅಂದುಬಿಟ್ಟಿತು. ನಮ್ಮ ಊರುಗಳಲ್ಲಿ ಮನೆ ಯಾರ ಹೆಸರಿನಲ್ಲಿ ಇರುತ್ತೆ ಹೇಳಿ? ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟೇ ಹೇಳಿದ್ದು 2020ರಲ್ಲಿ, ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ. ನಡುವೆ ಹೋದದ್ದು ಹದಿನಾಲ್ಕು ವರ್ಷ.

ಸುಳ್ಳು ಕೇಸು ಇಲ್ವಾ ಅಂತ ಕೇಳ್ತೀರಿ. ಇವೆ. ಅದಕ್ಕೇ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾಂತ್ರಿಕವಾಗಿ ಬಂಧಿಸಬೇಡಿ ಅಂತ ಪೊಲೀಸರಿಗೆ ಕಡಿವಾಣ ಹಾಕಿತು. ನಿರಪರಾಧಿ ಜೈಲಿಗೆ ಹೋಗಬಾರದು, ಎರಡು ಮಾತಿಲ್ಲ. ಆದರೆ ಇನ್ನೊಂದು ಕಡೆಯ ಲೆಕ್ಕವನ್ನೂ ನೋಡಿ. 2019ರಿಂದ 21ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದ ಮದುವೆಯಾದ ಹೆಣ್ಣುಮಕ್ಕಳು ದೇಶದಲ್ಲಿ ಶೇ. 29.3. ಕರ್ನಾಟಕದಲ್ಲಿ? ಶೇ. 44.4. ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇ. 20.6 ಇತ್ತು. ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ದೇಶದಲ್ಲಿ ನೂರಕ್ಕೆ 14 ಮಂದಿ. ಅವರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ, ಪೊಲೀಸರ ಬಳಿ ಹೋದವರು ತೀರಾ ಕಡಿಮೆ. ಹೇಳದ ಮಾತಿನ ರಾಶಿ ಎಷ್ಟು ದೊಡ್ಡದು ಅಂತ ಇದರಲ್ಲೇ ಗೊತ್ತಾಗುತ್ತೆ. ಇನ್ನೂ ಒಂದಿದೆ. ಅಡುಗೆ ಕೆಟ್ಟಿತು, ಎದುರು ಮಾತಾಡಿದಳು, ಹೇಳದೆ ಹೊರಗೆ ಹೋದಳು ಇಂಥ ಯಾವುದಾದರೊಂದು ಕಾರಣಕ್ಕೆ ಗಂಡ ಹೊಡೆಯೋದು ಸರಿ ಅಂತ ಒಪ್ಪಿದ ಹೆಂಗಸರು ನಮ್ಮ ರಾಜ್ಯದಲ್ಲಿ ನೂರಕ್ಕೆ ಸುಮಾರು 77. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅಂತ ಹೇಳಿ ಹೇಳಿ ಹೊಡೆತವನ್ನೂ ಜಗಳದ ಲೆಕ್ಕಕ್ಕೆ ಸೇರಿಸಿದ ಫಲ ಇದು.

ಹಾಗಾದರೆ ಬಿಟ್ಟು ಬಂದವರು ಹೇಗೆ ಬಂದರು? ರುಖ್ಮಾಬಾಯಿಯಿಂದ ಇವತ್ತಿನವರೆಗೆ ನೋಡಿ, ಒಂದೇ ಏಟಿಗೆ ಬಂದವರು ಕಡಿಮೆ. ಹೋಗಿ, ಬಂದು, ಮತ್ತೆ ಹೋಗಿ, ಮತ್ತೆ ಬಂದು, ಕೊನೆಗೊಂದು ದಿನ ಪೂರ್ತಿ ಹೊರಗೆ ಬರ್ತಾರೆ. ನಡುವೆ ಒಂದು ಕೆಲಸ ಸಿಕ್ಕಿರುತ್ತೆ, ಒಬ್ಬ ಅಣ್ಣ ಗಟ್ಟಿಯಾಗಿ ನಿಂತಿರ್ತಾನೆ, ಮಗು ಒಂದಿಷ್ಟು ದೊಡ್ಡದಾಗಿರುತ್ತೆ, ಒಬ್ಬ ವಕೀಲರು ಸರಿಯಾದ ದಾರಿ ತೋರಿಸಿರ್ತಾರೆ. ಎರಡನೇ ಸಲ ವಾಪಸ್ ಹೋದಳು ಅಂತ ಬೇಜಾರಾಗಿ ನಾವು ಕೈಬಿಟ್ಟರೆ, ಮೂರನೇ ಸಲ ಅವಳು ಬಾಗಿಲು ತಟ್ಟೋದೇ ಇಲ್ಲ. ಆ ಮೂರನೇ ಸಲವೇ ಅವಳು ಉಳಿಯುವ ಸಲ ಆಗಿರಬಹುದು.

ಅದಕ್ಕೇ ಪ್ರಶ್ನೆ ಬದಲಾಯಿಸಿ. ಅವಳು ಯಾಕೆ ಬಿಟ್ಟು ಬರಲಿಲ್ಲ ಅನ್ನೋದು ಬೇಡ. ಅವನು ಯಾಕೆ ಹೊಡೆದ, ಅವಳು ಬಂದಿದ್ದರೆ ಯಾರ ಮನೆಯಲ್ಲಿ ಇರುತ್ತಿದ್ದಳು, ಇವೆರಡು ಕೇಳಿ. ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112 ಇದೆ. ಜಿಲ್ಲೆಗಳಲ್ಲಿ ಸಂರಕ್ಷಣಾಧಿಕಾರಿಗಳಿದ್ದಾರೆ, ಸಾಂತ್ವನ ಕೇಂದ್ರಗಳಿವೆ. ಬೆಂಗಳೂರಿನ ವಿಮೋಚನಾದಂಥ ಸಂಘಟನೆಗಳು ದಶಕಗಳಿಂದ ಈ ಕೆಲಸ ಮಾಡ್ತಿವೆ. ಇವನ್ನು ಮಗಳಿಗೆ ಮದುವೆಗೆ ಮೊದಲೇ ಹೇಳಿ. ಅದಕ್ಕಿಂತ ಮೊದಲು ಇನ್ನೊಂದು ಮಾತು ಹೇಳಿ. "ಅಡ್ಜಸ್ಟ್ ಮಾಡ್ಕೊಂಡು ಹೋಗು ಮಗಳೇ" ಅನ್ನೋದನ್ನು ನೂರು ಸಲ ಹೇಳಿದ್ದೀರಿ. "ಕೈ ಎತ್ತಿದರೆ ಬಂದುಬಿಡು, ನಿನ್ನ ಕೋಣೆ ಹಾಗೇ ಇರುತ್ತೆ" ಅಂತ ಒಂದು ಸಲ ಹೇಳಿ. ಹೇಳಿದ ಹಾಗೆ ಆ ಕೋಣೆಯನ್ನು ಇಟ್ಟುಕೊಂಡಿರಿ.